ಕೀಬೋರ್ಡ್ ಮಾಸ್ತರರ ನಾಲ್ಕನೇ ಕ್ಯಾಸೆಟ್ಟು

ಇವತ್ತು ಮಂಗಳವಾರ. ಎದ್ದು ಅಂಗಳದ ಕಸ ಹೊಡೆದೆ. ಮಿಲ್ಲಿನ ತೌಡು ಹಾರಿ ಬಂದು ಬಕೆಟ್ಟಿನ ನೀರಿನ ಮೇಲೆ ಕೆನೆ ಕಟ್ಟಿದಂತೆ ಕೂತಿತ್ತು, ಚೆಲ್ಲಿ ಬೇರೆ ನೀರು ಹಿಡಿದೆ. ನಮ್ಮ ಮನೆಯವರಿಗೆ ಚಹಾ, ಒಗ್ಗರಣೆ ಮಂಡಕ್ಕಿ ಕೊಟ್ಟು ಮಿಲ್ಲಿಗೆ ಕಳಿಸಿದೆ. ಕುಕ್ಕರಿನ ಸಡಿಲಾದ ಹಿಡಿಕೆಗೆ ಸ್ಕ್ರೂ ಬಿಗಿದೆ. ಹಳೆ ಸೀರೆಯೊಂದನ್ನು ಹರಿದು ರೊಟ್ಟಿ ಸುತ್ತುವ ಬಟ್ಟೆ ನಾಲ್ಕು ಮಾಡಿದೆ. ಜೋಳದ ಹಿಟ್ಟು ಜರಡಿ ಹಿಡಿದು, ಎಸರು ಕಾಯಿಸಿ, ಒಂಬತ್ತಕ್ಕೆ ಕಲ್ಲಿನ ಮುಂದೆ ಕೂತೆ. ಖಾನಾವಳಿಗೆ ಎಂಬತ್ತು ರೊಟ್ಟಿ ಆಗಬೇಕಿತ್ತು.

ಅರವತ್ತು ದಾಟಿರಬೇಕು, ಬಾಗಿಲಲ್ಲಿ ಮೆಹಬೂಬ ಬಂದು ನಿಂತ. ಗಂಗಾವತಿ ಬಜಾರಿನಲ್ಲಿ ಅವನದು ಬಳೆ ಅಂಗಡಿ. ನಮ್ಮ ಪಕ್ಕದ ಮನೆಯ ಕೀಬೋರ್ಡ್ ಮಾಸ್ತರರ ಜೊತೆ ಹದಿನೈದು ವರ್ಷ ಪ್ಯಾಡ್ ಬಾರಿಸಿದವನು. ಬ್ಯಾಂಡು ಅಂದರೆ ಅವರಿಬ್ಬರೇ. ಮಾಸ್ತರರು ತೀರಿ ಈಗ ಒಂದು ತಿಂಗಳು.

"ಅಕ್ಕಾರ, ಒಳಗ ಬರ್ಲ್ಯಾ?"

"ಬಾ. ಕೈ ಹಿಟ್ಟಾಗೈತಿ, ನೀನ ಕುರ್ಚಿ ತಗೋ."

ಅವನು ಕುರ್ಚಿ ತೆಗೆದುಕೊಳ್ಳಲಿಲ್ಲ. ಚೀಲದಿಂದ ಸಣ್ಣ ಸ್ಪೀಕರು ತೆಗೆದು ಹಿಟ್ಟಿನ ಡಬ್ಬಿಯ ಮೇಲಿಟ್ಟ. ಮಾಸ್ತರರು ಇಡುತ್ತಿದ್ದ ಜಾಗವೇ ಅದು. ಒಂದು ಪೆನ್ ಡ್ರೈವ್ ಸಿಕ್ಕಿಸಿದ.

"ನೀವು ಕೆಲಸಾ ಬಿಡಬ್ಯಾಡ್ರಿ ಅಕ್ಕಾ. ಬಡೀರಿ. ಬಡಕೋತನ ಕೇಳಬೇಕಂತ, ಹಂಗ ಹೇಳಿ ಹೋಗ್ಯಾರ."

ನಾನು ಬಡಿದೆ. ಸ್ಪೀಕರಿನಲ್ಲಿ ಏನೋ ಗುಂಯ್ ಅಂತ ಶುರುವಾಗಿ, ಅದರ ಕೆಳಗೆ ತಪ ತಪ ತಪ ಅಂತ ಬಡಿತ. ಸ್ವಲ್ಪ ಹೊತ್ತು ನನ್ನದು ಯಾವುದು, ಅದರದು ಯಾವುದು ತಿಳಿಯಲೇ ಇಲ್ಲ. ಎರಡೂ ಒಂದೇ ಆಗಿ ಹೋಗುತ್ತಿದ್ದವು. ರೊಟ್ಟಿ ಹಂಚಿಗೆ ಹಾಕಬೇಕೆಂದು ನಾನು ಕೈ ನಿಲ್ಲಿಸಿದೆ.

ಸಪ್ಪಳ ನಿಲ್ಲಲಿಲ್ಲ.

ನನ್ನ ಕೈ ಗಾಳಿಯಲ್ಲಿ ಇದೆ, ಬಡಿತ ನಡೆದೇ ಇದೆ. ನಾಲ್ಕು ಬಡಿತ, ಒಂದು ತಿರುವು, ಮತ್ತೆ ನಾಲ್ಕು, ಅಂಚಿಗೆ ಬಂದಾಗ ಬೆರಳ ತುದಿಯ ಎರಡು ಸಣ್ಣ ಏಟು. ರೊಟ್ಟಿಯ ಅಂಚು ಒಡೆಯದಿರಲಿ ಅಂತ ನಮ್ಮವ್ವ ಕಲಿಸಿದ ಏಟು ಅದು. ಈ ಓಣಿಯಲ್ಲಿ ಬೇರೆ ಯಾರೂ ಹಾಕುವುದಿಲ್ಲ. ಹಂಚಿನ ಮೇಲಿನ ರೊಟ್ಟಿ ಸೀದು ವಾಸನೆ ಬಂತು. ನನಗೆ ಏಳಲಾಗಲಿಲ್ಲ.

"ಇದು ಯಾರದೋ ಮೆಹಬೂಬ?"

"ನಿಮ್ಮದ ಅಕ್ಕಾ. ನಿಮ್ಮ ಕೈ." ಅವನು ನೆಲ ನೋಡುತ್ತ ಹೇಳಿದ. "ನಾಲ್ಕನೇ ಕ್ಯಾಸೆಟ್ಟು ಇದ. ಅವತ್ತು ನೀವು ಬ್ಯಾಡ ಅಂದಿದ್ರಿ, ನೆನಪೈತಿಲ್ಲ? ನಾ ಹೋದಮ್ಯಾಲೆ ಆಕಿಗೆ ಇನ್ನೊಮ್ಮೆ ಕೇಳಸು, ಹೂಂ ಅಂದ್ರ ಹೊರಗ ಬಿಡು, ಇಲ್ಲಂದ್ರ ಒಲಿಯಾಗ ಹಾಕಿ ಬಾ ಅಂದಿದ್ರು ಮಾಸ್ತರು. ನನಗ ಇವತ್ತು ಸಂಜಿಗೆ ಹೇಳ್ರಿ."

ನೆನಪಿದೆ. ಚೆನ್ನಾಗಿ ನೆನಪಿದೆ. ಅದಕ್ಕೇ ಇದನ್ನು ಬರೆಯಲು ಕೂತಿದ್ದು.

ಮಾಸ್ತರರು ಅಂದರೆ ಸಾಲಿ ಮಾಸ್ತರರಲ್ಲ. ಅಕ್ಕಿ ಅಂಗಡಿಗಳ ಕರೆಂಟು ತಕ್ಕಡಿ ರಿಪೇರಿ ಮಾಡುವುದು ಅವರ ಕೆಲಸ. ಅಂಗಿಯ ಜೇಬಿನಲ್ಲಿ ಒಂದು ಪೆನ್ನು, ಎರಡು ಸ್ಕ್ರೂಡ್ರೈವರು. ಹೆಗಲ ಮೇಲಿನ ಟವೆಲ್ಲಿನಿಂದ ಮೊದಲು ಕೀಬೋರ್ಡು ಒರೆಸುವರು, ಆಮೇಲೆ ಮುಖ. ಮದುವೆಯಾಗಿರಲಿಲ್ಲ. ಯಾಕ್ರೀ ಅಂತ ಒಮ್ಮೆ ಕೇಳಿದ್ದೆ. "ಇದರ ಸ್ಟ್ಯಾಂಡ್ ಇಟ್ಟಮ್ಯಾಲೆ ಮನಿಯಾಗ ಜಾಗ ಎಲ್ಲಿ ಉಳೀತೈತಿ? ಬಂದಾಕಿ ನಿಂತ ಇರಬೇಕಾಗತೈತಿ" ಅಂದರು. ಯಲಬುರ್ಗಾದ ಅಕ್ಕ ಒಬ್ಬರು ವರ್ಷಕ್ಕೊಮ್ಮೆ ಬಂದು ಮನೆ ತೊಳೆದು, ಬೈದು ಹೋಗುತ್ತಿದ್ದರು.

ತಕ್ಕಡಿಯ ವಿಷಯದಲ್ಲಿ ಅವರಷ್ಟು ಬಿರುಸು ಮನುಷ್ಯನನ್ನು ನಾನು ನೋಡಿಲ್ಲ. ಏನೂ ಇಡದಾಗ ತಕ್ಕಡಿ ಸೊನ್ನೆ ತೋರಿಸಬೇಕು. ಒಬ್ಬ ವ್ಯಾಪಾರಿ ಹತ್ತು ಗ್ರಾಂ ಆಚೆ ಈಚೆ ಇರಲಿ ಬಿಡ್ರಿ ಅಂದನಂತೆ. ಬಿಚ್ಚಿದ ತಕ್ಕಡಿ ಬಿಚ್ಚಿದಂತೆಯೇ ಅವನ ಕೈಗೆ ಕೊಟ್ಟು ಬಂದಿದ್ದರು. ಹಾಡಿಗೂ ಅದೇ ಕಟ್ಟುನಿಟ್ಟು. ಮೆಹಬೂಬ ಮನೆಯಲ್ಲಿ ಜಗಳಾಡಿ ಮುಖ ಊದಿಸಿಕೊಂಡು ಬಂದರೆ, "ಮೊದ್ಲ ಸೊನ್ನಿಗೆ ಬಾರೋ. ಸೊನ್ನಿಗೆ ಬಂದಮ್ಯಾಲೆ ಕೋಲು ಮುಟ್ಟು" ಅನ್ನುವರು. ಗೋಡೆಯ ಈಚೆ ನನಗೆ ಕೇಳುತ್ತಿತ್ತು. ನಾನೂ ಎಷ್ಟೋ ಸಲ ಒಲೆಯ ಮುಂದೆ ನನಗೇ ಹೇಳಿಕೊಂಡಿದ್ದೇನೆ, ಮೊದಲು ಸೊನ್ನೆಗೆ ಬಾ ಅಂತ.

ಅವರ ಹಾಡುಗಳೆಲ್ಲ ಕರೆಂಟಿನವು. ಬಸ್ ಸ್ಟ್ಯಾಂಡು, ಮೊಬೈಲ್ ಟವರು, ಫೋನ್ ಎತ್ತದ ಹುಡುಗಿ, ಹೀಗೆ ವಿಷಯ. ನೀರಿನಲ್ಲಿ ಗಾಜಿನ ಬಳೆ ಬಿದ್ದಂಥ ಸಪ್ಪಳ, ಅದರ ಹಿಂದೆ ಠಕ್ ಠಕ್ ಅಂತ ತಪ್ಪದೇ ಓಡುವ ತಾಳ. ಹಾಡುವವರೂ ಅವರೇ. ಆದರೆ ದನಿಯನ್ನು ಪೆಟ್ಟಿಗೆಯೊಳಗೆ ಹಾಯಿಸಿ ತಗಡಿನಂತೆ ಮಾಡುತ್ತಿದ್ದರು. "ನಿಮ್ಮ ದನಿಗೇನಾಗೇತ್ರಿ, ಛಲೋನ ಐತಲ್ಲ" ಅಂದರೆ, "ಛಲೋ ಐತಿ, ಆದ್ರ ನಾಚತೈತಿ. ತಗಡು ಹೊಚ್ಚಿದ್ರ ಹೊರಗ ಬರತೈತಿ" ಅಂದಿದ್ದರು.

ಮೂರು ಕ್ಯಾಸೆಟ್ಟು ಬಿಟ್ಟರು. ಕ್ಯಾಸೆಟ್ಟಿನ ಕಾಲ ಮುಗಿದು ಯಾವ ಕಾಲವಾಗಿತ್ತೋ, ಮಾರಿದ್ದು ಮೆಮೊರಿ ಕಾರ್ಡಿನಲ್ಲಿ, ಆಮೇಲೆ ಫೋನಿನಲ್ಲಿ. ಅವರು ಮಾತ್ರ ಕೊನೆಯ ತನಕ ಕ್ಯಾಸೆಟ್ಟು ಅಂತಲೇ ಅಂದರು. ಕುಷ್ಟಗಿ ಬಸ್ ಸ್ಟ್ಯಾಂಡಿನ ಮೊಬೈಲ್ ಅಂಗಡಿಯಲ್ಲಿ ದಿನವಿಡೀ ಅವರದೇ ಹಾಡು. ಕುಕನೂರಿನಲ್ಲಿ ನನ್ನ ತಮ್ಮ ಟ್ರ್ಯಾಕ್ಟರಿಗೆ ಎರಡು ಸ್ಪೀಕರು ಕಟ್ಟಿಸಿದ್ದೇ ಅವರ ಹಾಡಿಗೆ. "ನಮ್ಮಕ್ಕನ ಬಾಜು ಮನಿಯವರು" ಅಂತ ಊರ ತುಂಬ ಹೇಳಿಕೊಂಡು ತಿರುಗುತ್ತಿದ್ದ.

ಪ್ರತಿ ಕ್ಯಾಸೆಟ್ಟು ಹೊರಬೀಳುವ ಮೊದಲು ಅವರು ಸ್ಪೀಕರು ತಂದು ನಮ್ಮ ಹಿಟ್ಟಿನ ಡಬ್ಬಿಯ ಮೇಲಿಡುವರು. ನಾನು ರೊಟ್ಟಿ ಬಡಿಯುತ್ತಲೇ ಕೇಳಬೇಕು.

"ನನಗೇನ್ ತಿಳೀತೈತ್ರಿ ಸಂಗೀತ?"

"ಸಂಗೀತ ತಿಳಿದವರು ನನಗ ಬ್ಯಾಡ್ರಿ. ಕೈಯಾಗ ಕೆಲಸ ಇದ್ದವರು ಬೇಕು. ಖಾಲಿ ಕುಂತವರು ಏನ್ ಹಾಕಿದ್ರೂ ಕೇಳತಾರ."

ಅವರ ಕಣ್ಣೆಲ್ಲ ನನ್ನ ಕೈಯ ಮೇಲೆ. ಹಾಡಿನ ಜೊತೆ ನನ್ನ ಬಡಿತ ತಾನಾಗಿ ಕೂಡಿಕೊಂಡಿತೋ, ಆ ಹಾಡು ಪಾಸು. ಕೂಡಲಿಲ್ಲವೋ, ಎದ್ದು ಹೋಗಿ ತಿದ್ದುವರು. ಕೊನೆಗೆ ನಾನು ಹೂಂ ಅನ್ನಬೇಕು. ಬಾಯಿಂದ ಅನ್ನಬೇಕು, ತಲೆಯಾಡಿಸಿದರೆ ನಡೆಯುತ್ತಿರಲಿಲ್ಲ. ಹೂಂ ಅಂದಮೇಲೆ ಒಂದು ಬಿಸಿ ರೊಟ್ಟಿ, ಗುರೆಳ್ಳು ಪುಡಿ ತಿಂದು ಏಳುವರು. ಮೂರು ಸಲವೂ ಹೀಗೇ ಆಯಿತು.

ಮೂರನೆಯದು ಬಂದ ಮೇಲೆ ಅವರು ಯಾಕೋ ಮಂಕಾದರು. ಒಂದು ಬೆಳಿಗ್ಗೆ ಕಟ್ಟೆಯ ಮೇಲೆ ಚಹಾ ಕುಡಿಯುತ್ತ, "ಈ ಪೆಟ್ಟಿಗಿ ತಾಳ ತಪ್ಪಂಗಿಲ್ರಿ" ಅಂದರು.

"ತಪ್ಪದಿದ್ರ ಛಲೋನ ಆತಲ್ಲ?"

"ಹತ್ತು ವರ್ಷ ಆತು, ಒಮ್ಮೆನೂ ತಪ್ಪಿಲ್ಲ. ನನಗ ಜ್ವರ ಬಂದ ದಿನಾನೂ ತಪ್ಪಲಿಲ್ಲ. ಈಗೀಗ ಅದರ ಮುಂದ ಕುಂದರಾಕ ಅಂಜಿಕಿ ಬರತೈತಿ."

ನಾನು ನಕ್ಕು ಒಳಗೆ ಹೋದೆ. ಒಲೆಯ ಮೇಲೆ ಬೇಳೆ ಇತ್ತು.

ಆಮೇಲೆ ಒಂದು ವರ್ಷ ಅವರ ಮನೆಯಿಂದ ಗಾಜಿನ ಬಳೆಯ ಸಪ್ಪಳ ಬರಲಿಲ್ಲ. ಏನು ಮಾಡುತ್ತಿದ್ದಾರೆ ಅಂತ ಗೊತ್ತಾದದ್ದು ಹಿಟ್ನಾಳದ ಒಂದು ಆರತಕ್ಷತೆಯಲ್ಲಿ. ಊಟಕ್ಕೆ ರೊಟ್ಟಿ ನನ್ನದು, ಹಾಡು ಅವರದು. ಸ್ಟೇಜಿನ ಮೇಲೆ ಹೊಗೆ, ಬಣ್ಣದ ಲೈಟು, ಕುಣಿಯಲು ಸಾಲುಗಟ್ಟಿದ ಹುಡುಗರು. ಹಳೆಯವು ಎರಡು ಹಾಡಾದವು. ಮಾಸ್ತರರು ಏನೋ ಒಂದು ಬಟನ್ನು ಒತ್ತಿದರು. ತಾಳದ ಪೆಟ್ಟಿಗೆ ನಿಂತಿತು. ಗುಂಯ್ ಅನ್ನುವ ಒಂದು ಸ್ವರ, ಕೆಳಗೆ ಮೆತ್ತಗೆ ತಪ ತಪ. ತಗಡಿಲ್ಲದ ಅವರ ದನಿ, ನಡುಗುವ ದನಿ.

ಹಿಂದಿನಿಂದ ಒಬ್ಬ ಕೂಗಿದ, "ಕರೆಂಟ್ ಹೋತೇನ್ಲೇ?"

"ಏ, ಜನರೇಟರ್ ಹಚ್ರೋ!"

ಜನರೇಟರಿನವನು ನಿಜವಾಗಿಯೂ ಓಡಿ ಹೋಗಿ ಹಗ್ಗ ಎಳೆದ. ಮದುಮಗಳ ಕಾಕಾ ಸ್ಟೇಜು ಹತ್ತಿ ಪ್ಲಗ್ಗು ಮುಟ್ಟಿ ಮುಟ್ಟಿ ನೋಡಿದ. "ಇಲ್ಲಿ ಎಲ್ಲಾ ಬರೋಬರ್ ಐತ್ರಿ ಮಾಸ್ತರ, ನಿಮ್ಮದೇ ಏನೋ ಲೂಸಾಗೈತಿ" ಅಂದ. ಇಡೀ ಪೆಂಡಾಲು ನಕ್ಕಿತು. ರೊಟ್ಟಿಯ ಬುಟ್ಟಿಯ ಪಕ್ಕ ನಿಂತು ನಾನೂ ನಕ್ಕೆ. ನನ್ನ ಕೈಗೇ ನಕ್ಕಿದ್ದು ಅಂತ ಇವತ್ತು ತಿಳಿಯಿತು.

ಅದಾಗಿ ವಾರಕ್ಕೆ ಅವರು ಸ್ಪೀಕರು ಹಿಡಿದು ನಮ್ಮ ಮನೆಗೆ ಬಂದರು. ಬೆಳಿಗ್ಗೆ ಬರಲಿಲ್ಲ, ಮಧ್ಯಾಹ್ನ ಮೂರಕ್ಕೆ ಬಂದರು. ರೊಟ್ಟಿಯೆಲ್ಲ ಆಗಿ, ಕಲ್ಲು ತೊಳೆದಿಟ್ಟು, ನಾನು ಸುಮ್ಮನೆ ಕೂತ ಹೊತ್ತು. ಯಾಕೆ ಆ ಹೊತ್ತಿಗೆ ಬಂದರು ಅಂತ ಆಗ ಹೊಳೆಯಲಿಲ್ಲ. ಬಡಿಯುವಾಗ ಕೇಳಿಸಿದ್ದರೆ ಅವತ್ತೇ ಸಿಕ್ಕಿಬೀಳುತ್ತಿದ್ದರು.

ಮೂರು ಹಾಡು ಕೇಳಿದೆ. ಖಾಲಿ ಕೈಯಲ್ಲಿ ಕೂತು ಕೇಳಿದೆ.

"ಹೆಂಗೈತ್ರಿ?"

ಹಿಟ್ನಾಳದ ನಗು ಇನ್ನೂ ನನ್ನ ಕಿವಿಯಲ್ಲಿತ್ತು. ಅವರಿಗೆ ಒಳ್ಳೆಯದಾಗಲಿ ಅಂತಲೇ ಅಂದೆ. "ಮಾಸ್ತರ, ಇದು ಹಾಡಲ್ರೀ. ಯಾರೋ ಏನೋ ಕುಟ್ಟಿದಂಗ ಐತಿ. ಇದನ್ನ ಯಾರು ಕೇಳತಾರ? ಬ್ಯಾಡ್ರಿ, ಹೊರಗ ಬಿಡಬ್ಯಾಡ್ರಿ."

ಅವರು ಸ್ಪೀಕರಿನ ವಯರು ಸುತ್ತತೊಡಗಿದರು. ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು. "ಇನ್ನೊಂದು ಹಾಡು ಐತಿ" ಅಂದರು.

"ಅದೂ ಹಿಂಗ ಐತೇನು?"

"ಹೂಂ, ಹಿಂಗ ಐತಿ."

"ಮತ್ಯಾಕ ಬಿಡ್ರಿ."

ಅವತ್ತು ರೊಟ್ಟಿ ತಿನ್ನದೆ ಎದ್ದರು. ಮುಂದಿನ ಎರಡು ವರ್ಷ ಹಳೆಯದನ್ನೇ ಬಾರಿಸಿದರು. ಪೆಟ್ಟಿಗೆಯ ತಾಳ, ತಗಡಿನ ದನಿ. ಕರೆಯುವವರು ಕರೆದರು, ಕುಣಿಯುವವರು ಕುಣಿದರು. ನಾನು ನನ್ನ ಮಾತು ಸರಿಯಾಯಿತು ಅಂದುಕೊಂಡೆ. ಹೋದ ತಿಂಗಳು ಬಜಾರಿನಲ್ಲಿ ಒಂದು ತಕ್ಕಡಿ ಬಿಚ್ಚಿಕೊಂಡು ಕೂತವರು ಹಾಗೇ ಮುಂದಕ್ಕೆ ಬಾಗಿದರಂತೆ. ಏನೋ ನೋಡುತ್ತಿದ್ದಾರೆ ಅಂತ ಅಂಗಡಿಯವನು ತುಸು ಹೊತ್ತು ಸುಮ್ಮನಿದ್ದನಂತೆ.

ಇವತ್ತು ಮೆಹಬೂಬನಿಗೆ ನಾನು ಮೊದಲು ಬೈದೆ. "ಹೇಳದ ಕೇಳದ ಒಬ್ಬ ಹೆಣ್ಣಮಗಳ ಮನಿ ಸಪ್ಪಳ ಹಿಡಕೋತಾರೇನು? ನೀನರ ಹೇಳಬೇಕಿತ್ತಿಲ್ಲ?"

"ಬೈರಿ ಅಕ್ಕಾ, ಬೈಸ್ಕೊಳ್ಳಾಕ ಬಂದೀನಿ" ಅಂದ. ಜೇಬಿನಿಂದ ನಾಣ್ಯದಷ್ಟಗಲದ ಒಂದು ಹಿತ್ತಾಳೆ ಬಿಲ್ಲೆ ತೆಗೆದು ತೋರಿಸಿದ. ತಕ್ಕಡಿಯಲ್ಲಿ ಬೀಪ್ ಅನ್ನುವುದು ಇದೇ ಅಂತೆ. ತಿರುಗಿಸಿ ಜೋಡಿಸಿದರೆ ಕೂಗುವುದನ್ನು ಬಿಟ್ಟು ಕೇಳುತ್ತದಂತೆ. ಮಾಸ್ತರರು ಅದನ್ನು ನಮ್ಮಿಬ್ಬರ ನಡುವಿನ ಗೋಡೆಗೆ, ಅವರ ಕಡೆಯಿಂದ ಅಂಟಿಸಿದ್ದರು. "ಮಾತು ಬರಂಗಿಲ್ಲಕ್ಕಾ ಇದರಾಗ, ಖುರಾನಾಣೆ. ಗ್ವಾಡಿ ನಡುಗಿದ್ದಷ್ಟ ಬರತೈತಿ. ಅವರು ಏನಂತಿದ್ರು ಗೊತ್ತೇನ್ರಿ? ಆಕಿ ಕೈ ದಿನಾ ತಪ್ಪತೈತಿ, ದಿನಾ ಬ್ಯಾರೆ ಥರ ತಪ್ಪತೈತಿ. ಆಕಿಗೆ ಹೇಳಿದ್ರ ನಾಳೆಯಿಂದ ಸರಿ ಬಡೀತಾಳ, ಕೆಟ್ಟ ಹೋಗತೈತಿ. ಹಂಗಂದು ನನ್ನ ಬಾಯಿ ಕಟ್ಟಿದ್ರು."

ಹಾಡುಗಳಿಗೆ ಹೆಸರಿಟ್ಟ ಚೀಟಿ ತೋರಿಸಿದ. ಮಾಸ್ತರರ ಕೈಬರಹ. ಬದನೀಕಾಯಿ ದಿನ. ಪುಂಡಿಪಲ್ಲೆ ದಿನ. ಮೀನ ಹುರಿದ ದಿನ. ನಮ್ಮ ಅಡುಗೆಯ ವಾಸನೆಯಿಂದ ದಿನ ಗುರುತಿಟ್ಟಿದ್ದರು. ನಾನು ದಿನಚರಿಯ ನೋಟುಬುಕ್ಕಿನಲ್ಲಿ ಬರೆದಿಡುವುದೂ ಹೀಗೇ. ಗೋಡೆಯ ಆಚೆ ಇನ್ನೊಬ್ಬರು ಅದೇ ದಿನವನ್ನು ಅದೇ ಹೆಸರಿನಿಂದ ಬರೆದಿಡುತ್ತಿದ್ದರು ಅಂತ ನನಗೆ ಹೇಗೆ ಗೊತ್ತಾಗಬೇಕು?

ನಾಲ್ಕನೆಯ ಹೆಸರು: ಏನೂ ವಾಸನಿ ಇಲ್ಲದ ದಿನ.

"ಇದನ್ನ ನೀವು ಕೇಳಿಲ್ಲ" ಅಂದು ಮೆಹಬೂಬ ಹಚ್ಚಿದ.

ಬಡಿತ ಜೋರಾಗಿತ್ತು, ಅವಸರದ್ದು. ತುಸು ಹೊತ್ತಿಗೆ ಕೋಳಿ ಕೂಗಿತು. ನಾನು ಹಿಟ್ಟಿನ ಕೈಯಲ್ಲೇ ಎದ್ದು ಅದೇ ನಡುಗೋಡೆಯ ಮಾಡದಲ್ಲಿ ಯಾವಾಗಲೂ ಇರುವ ಫೋನು ಎತ್ತಿಕೊಂಡು ಹಲೋ ಅಂದೆ. ಫೋನು ಕಪ್ಪಗೆ, ತಣ್ಣಗೆ ಇತ್ತು. ನನ್ನ ಫೋನಿನ ರಿಂಗು ಕೋಳಿ ಕೂಗುವುದು. ಬಡಿಯುವಾಗ ಅಕ್ಕನಿಗೆ ಕೇಳಲಿ ಅಂತ ಕುಕನೂರಿನ ತಮ್ಮನೇ ಹಾಕಿಕೊಟ್ಟದ್ದು. ಈಗ ಕೋಳಿ ಕೂಗಿದ್ದು ಸ್ಪೀಕರಿನಲ್ಲಿ.

ಕೋಳಿ ನಿಂತಿತು. ಏನೂ ಇಲ್ಲ. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಮತ್ತೆ ತಪ. ತಪ. ತಪ. ನಿಧಾನ. ಅಂಚಿನ ಎರಡು ಸಣ್ಣ ಏಟು ಇರಲಿಲ್ಲ.

ಆ ದಿನ ಯಾವುದೆಂದು ನೋಟುಬುಕ್ಕು ತೆರೆಯದೆಯೂ ಗೊತ್ತು. ಮೂರು ವರ್ಷದ ಹಿಂದೆ ಕೊಪ್ಪಳದ ಒಂದು ಮನೆ ಶಾಂತಿಗೆ ನೂರೈವತ್ತು ರೊಟ್ಟಿ. ಹನ್ನೆರಡಕ್ಕೆ ಗಾಡಿ ಬರುವುದಿತ್ತು. ಹತ್ತೂವರೆಗೆ ತಮ್ಮನ ಫೋನು: "ಅಕ್ಕಾ, ಅವ್ವ ಹೋದ್ಲು. ಬಾ." ಹೂಂ ಅಂದೆ, ಇಟ್ಟೆ. ನಲವತ್ತು ರೊಟ್ಟಿ ಉಳಿದಿತ್ತು. ನಾದಿದ ಹಿಟ್ಟು ಮುಂದಿತ್ತು. ಕೂತು ನಲವತ್ತನ್ನೂ ಬಡಿದೆ. ಯಾಕೆ ಅಂತ ಇವತ್ತಿಗೂ ನನಗೆ ಹೇಳಲು ಬರುವುದಿಲ್ಲ. ಬಟ್ಟೆಯಲ್ಲಿ ಸುತ್ತಿ, ಗಾಡಿಗೆ ಹಾಕಿ, ಆಮೇಲೆ ಬಸ್ ಸ್ಟ್ಯಾಂಡಿಗೆ ಹೋದೆ. ಕುಕನೂರಿನಲ್ಲಿ ಅವ್ವನನ್ನು ಅಂಗಳದಲ್ಲಿ ಕೂರಿಸಿಕೊಂಡು ಊರೆಲ್ಲ ನನಗಾಗಿ ಕಾಯುತ್ತಿತ್ತು. "ಯಾಕಷ್ಟೊತ್ತು?" ಅಂದ ತಮ್ಮನಿಗೆ, ಹಿಟ್ನಾಳದ ಹತ್ತಿರ ಬಸ್ಸು ಕೆಟ್ಟಿತ್ತು ಅಂದೆ. ಅವನು ಇವತ್ತಿಗೂ ಬಂದವರ ಮುಂದೆಲ್ಲ ಆ ಬಸ್ಸಿಗೆ, ಡ್ರೈವರನಿಗೆ ಬೈಯುತ್ತಾನೆ. ನಮ್ಮ ಮನೆಯವರಿಗೂ ಅದೇ ಹೇಳಿದ್ದೆ. ನೋಟುಬುಕ್ಕಿನಲ್ಲೂ ಅದನ್ನೇ ಬರೆದಿದ್ದೆ.

ಇನ್ನೊಂದು ಮಾತೂ ನೆನಪಾಯಿತು. ಅವ್ವನ ದಿನಕರ್ಮವೆಲ್ಲ ಮುಗಿಸಿ ನಾನು ಗಂಗಾವತಿಗೆ ವಾಪಸ್ಸು ಬಂದಾಗ ಓಣಿಯ ಹೆಂಗಸರು ಕಟ್ಟೆಯ ಮೇಲೆ ಕೂಡಿದ್ದರು. ಬಸ್ಸಿನ ಕಥೆ ಅವರಿಗೂ ಹೇಳಿದೆ. ಒಬ್ಬಾಕೆ, "ಆ ರೂಟಿನ್ಯಾಗ ಬಸ್ ಕೆಡೂದು ನಾ ಕೇಳ್ಯಾ ಇಲ್ಲ ನೋಡವಾ" ಅಂದಳು. ತಕ್ಕಡಿ ಹಿಡಿದು ಹೊರಟಿದ್ದ ಮಾಸ್ತರರು ನಿಂತು, "ಹೇ, ಭಾಳ ಕೆಡತಾವ್ರೀ. ಹೋದ ವಾರ ನಾನ ಒಂದು ತಾಸು ನಿಂತಿದ್ದೆ" ಅಂದು ಹೋಗಿದ್ದರು. ಹತ್ತು ಗ್ರಾಂ ಸುಳ್ಳಿಗೆ ಒಪ್ಪದ ಮನುಷ್ಯ. ಫೋನು ಬಂದದ್ದು, ನಾನು ನಿಂತದ್ದು, ಮತ್ತೆ ಕೂತು ಬಡಿದದ್ದು ಎಲ್ಲ ಅವರಿಗೆ ಗೊತ್ತಿತ್ತು. ಮೂರು ವರ್ಷ ನನ್ನ ಕಟ್ಟೆಯ ಮೇಲೆ ಕೂತು ಚಹಾ ಕುಡಿದರು, ಒಂದು ದಿನವೂ ಮುಖದಲ್ಲಿ ತೋರಿಸಲಿಲ್ಲ.

"ನಾಲ್ಕನೇದು ಆಕೀದು, ಅದನ್ನ ಹಾಕಾಕ ನನಗ ಧೈರ್ಯ ಬರವಲ್ದು ಅಂತಿದ್ರು" ಅಂದ ಮೆಹಬೂಬ. "ಅದನ್ನೊಂದ ತೆಗದು ಬಿಡ್ಲೇನಕ್ಕಾ?"

ನನಗೂ ಬಾಯಿಗೆ ಬಂದದ್ದು ಅದೇ. ಬೇರೆ ಯಾರಿಗೂ ಏನೂ ತಿಳಿಯುವುದಿಲ್ಲ. ಆದರೆ ನನ್ನ ತಮ್ಮ ಇವರ ಹಾಡು ಒಂದನ್ನೂ ಬಿಡದವನು. ಆ ಕೋಳಿಯನ್ನು ಹಾಕಿಕೊಟ್ಟವನೇ ಅವನು. ಅದು ಕೂಗಿ, ನಿಂತು, ಮತ್ತೆ ಬಡಿತ ಶುರುವಾದರೆ ಅವನಿಗೆ ತಿಳಿಯದೆ ಇರುತ್ತದೆಯೇ?

"ಸಂಜಿಗೆ ಹೇಳತೀನಿ, ಹೋಗು" ಅಂದೆ. ಸ್ಪೀಕರು ಇಲ್ಲೇ ಇರಲಿ ಅಂದೆ. ಉಳಿದ ಹದಿನೆಂಟು ರೊಟ್ಟಿಯನ್ನು ಆ ನಾಲ್ಕನೇ ಹಾಡು ಹಚ್ಚಿಕೊಂಡೇ ಬಡಿದೆ. ಮೊದಮೊದಲು ಕೈ ಎಡವಿತು. ಕೋಳಿ ಕೂಗಿದಲ್ಲಿ ಪ್ರತಿ ಸಲ ನಿಂತೆ. ನಾಲ್ಕನೇ ಸಲವೋ ಐದನೇ ಸಲವೋ, ಆ ಕೋಳಿಯ ನಂತರ ಮತ್ತೆ ಶುರುವಾಗುವ ಬಡಿತಕ್ಕೆ ನನ್ನ ಕೈ ತಾನಾಗಿ ಕೂಡಿಕೊಂಡಿತು. ಮೂರು ವರ್ಷದ ಹಿಂದೆ ಒಬ್ಬಳೇ ಬಡಿದದ್ದು, ಇವತ್ತು ಜೊತೆಗೆ ಬಡಿದೆ. ಅವರು ಎದುರಿಗಿದ್ದಿದ್ದರೆ ನನ್ನ ಕೈ ನೋಡಿ, ಪಾಸು ಅನ್ನುತ್ತಿದ್ದರು.

ನಾಲ್ಕಕ್ಕೆ ತಮ್ಮನಿಗೆ ಫೋನು ಮಾಡಿದೆ. ಮೊದಲು ಸೊನ್ನೆಗೆ ಬಾ ಅಂತ ಅಂದುಕೊಂಡೇ ಮಾಡಿದೆ. ಎಲ್ಲ ಹೇಳಿದೆ.

"ಅಂದ್ರ ಬಸ್ ಕೆಟ್ಟಿರ್ಲಿಲ್ಲ?"

"ಇಲ್ಲ."

"ರೊಟ್ಟಿ ಬಡದು ಬಂದಿ?"

"ನಲವತ್ತು. ಬಡದು ಬಂದೆ."

ಹಿಂದೆ ಟ್ರ್ಯಾಕ್ಟರಿನ ಸಪ್ಪಳ ಇತ್ತು, ಅದು ನಿಂತಿತು. "ಮೂರು ವರ್ಷ ಆ ಡ್ರೈವರಗ ಬೈದೀನಲ್ಲಕ್ಕಾ ನಾನು" ಅಂದ. ಆಮೇಲೆ, "ನಾ ಮತ್ತ ಮಾತಾಡ್ತೀನಿ" ಅಂದು ಇಟ್ಟುಬಿಟ್ಟ.

ಮೆಹಬೂಬನ ಅಂಗಡಿಗೆ ನಡೆದೇ ಹೋದೆ. ಗಿರಾಕಿಗೆ ಬಳೆ ಇಡಿಸುತ್ತ ಕೂತಿದ್ದ. ಬಾಗಿಲಲ್ಲಿ ನಿಂತು ಹೂಂ ಅಂದೆ. "ನಾಲ್ಕೂ?" ಅಂದ. "ನಾಲ್ಕೂ" ಅಂದೆ. ಅವನು ಬಳೆ ಇಡಿಸುವುದನ್ನು ಬಿಟ್ಟು ಕಣ್ಣು ಒರೆಸಿಕೊಂಡ. "ಏ ಸಾಬಣ್ಣ, ಕೈ ಬಿಡೋ, ಇಲ್ಲಾ ಬಳಿ ಇಡಿಸೋ" ಅಂದಳು ಗಿರಾಕಿ.

ಊಟಕ್ಕೆ ಬೆಳಿಗ್ಗೆಯ ಸೀದ ರೊಟ್ಟಿ ನನಗೆ, ಒಳ್ಳೆಯವು ನಮ್ಮ ಮನೆಯವರಿಗೆ. ಹೆಸರುಕಾಳು ಪಲ್ಯ, ಮೊಸರು, ಗುರೆಳ್ಳು ಪುಡಿ. ಬಡಿಸುತ್ತ ಅವರಿಗೂ ಹೇಳಿದೆ. ತುತ್ತು ಕೈಯಲ್ಲೇ ಹಿಡಿದು ನನ್ನ ಮುಖ ನೋಡಿದರು. ನನ್ನ ಗಂಗಾಳದ ಸೀದ ರೊಟ್ಟಿ ತೆಗೆದು ತಮ್ಮದಕ್ಕೆ ಹಾಕಿಕೊಂಡರು. ಅಷ್ಟರಲ್ಲಿ ಮಾಡದಲ್ಲಿ ಕೋಳಿ ಕೂಗಿತು. ಇಬ್ಬರೂ ಬೆಚ್ಚಿದೆವು. ತಮ್ಮ.

"ಆ ಹಾಡು ಬಂದಮ್ಯಾಲೆ ನನಗ ಕಳಸಬ್ಯಾಡ" ಅಂದ. ನಾನು ಫೋನು ಕಿವಿಗೆ ಒತ್ತಿ ಹಿಡಿದೆ. "ನಾನ ಹುಡುಕಿ ಕೇಳತೀನಿ. ಒಬ್ಬನ ಕುಂತು ಕೇಳತೀನಿ. ಉಂಡ್ಯಾ?"

"ಉಣ್ಣಾಕತ್ತೀನಿ" ಅಂದೆ.

ನೋಟುಬುಕ್ಕಿನ ಆ ಹಳೆ ಪುಟ ತೆರೆದು, ಬಸ್ಸು ಕೆಟ್ಟಿತ್ತು ಅನ್ನುವ ಸಾಲನ್ನು ಹೊಡೆದು ಹಾಕಿ, ಹತ್ತೂವರೆಗೆ ಫೋನು ಬಂತು, ನಲವತ್ತು ರೊಟ್ಟಿ ಬಡಿದು ಹೋದೆ ಅಂತ ಬರೆದೆ. ಬರೆದು ಮುಗಿಸುವಷ್ಟರಲ್ಲಿ ನಮ್ಮ ಮನೆಯವರು ನಿದ್ದೆ ಹೋಗಿದ್ದರು. ಇದಿಷ್ಟು ಬರೆದಾಯಿತು, ಇನ್ನು ನಾನೂ ಮಲಗುತ್ತೇನೆ.